ಕಾಲು ಬಂದ ಬಾಂದು ಕಲ್ಲು

ಕಣ್ಣೂರಿನ ಗೋಪುರದ ಸುದ್ದಿ ನಿಮಗೆ ಗೊತ್ತೇ ಇದೆ. ಕೇರಳದ ಕಣ್ಣೂರಲ್ಲ, ನಮ್ಮ ಬೆಂಗಳೂರಿನ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರು. ಬ್ರಿಟಿಷರು ದೇಶ ಅಳೆಯೋಕೆ ಕಟ್ಟಿದ 1868ರ ಗೋಪುರ, 2024ರಲ್ಲಿ ನೆಲಸಮ. ಮೊದಲು ಕೆಲಸದ ಚುರುಕಿಗೆ ಅಭಿನಂದನೆ ಹೇಳಿಬಿಡೋಣ. ನಮ್ಮ ಬೀದಿಯ ಒಂದು ಗುಂಡಿ ಮುಚ್ಚೋಕೆ ಅಂದಾಜು ಪಟ್ಟಿ ಬೇಕು, ಟೆಂಡರ್ ಬೇಕು, ಶಾಸಕರ ಗುದ್ದಲಿ ಪೂಜೆ ಬೇಕು, ಪೂಜೆಗೆ ಶಾಮಿಯಾನ ಬೇಕು. ನೂರೈವತ್ತು ಮಳೆಗಾಲಕ್ಕೂ ಜಗ್ಗದ ಗೋಪುರ ಉರುಳಿಸೋಕೆ ಇದ್ಯಾವುದೂ ಬೇಕಾಗಲಿಲ್ಲ. ಖರ್ಚಿಲ್ಲದ ಕಾಮಗಾರಿ. ಬಿಲ್ ಕೂಡ ಬಂದಿಲ್ಲ.

ಅಲ್ಲೇನಿತ್ತು ಅಂದ್ರೆ, ಅಲ್ಲೊಂದು ತುದಿ ಇತ್ತು. ದೇಶ ಅಳೆಯೋದು ಅಂದ್ರೆ ಟೇಪ್ ಹಿಡ್ಕೊಂಡು ಊರೂರು ಸುತ್ತೋದಲ್ಲ. ಒಂದೇ ಒಂದು ಗೆರೆಯನ್ನು ನೆಲದ ಮೇಲೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಅಳೀಬೇಕು. ಆಮೇಲೆ ಅದರ ಎರಡೂ ತುದಿಯಿಂದ ದೂರದ ಒಂದು ಬೆಟ್ಟದ ಕಡೆ ದುರ್ಬೀನು ತಿರುಗಿಸಿ ಕೋನ ನೋಡಿದರೆ ಸಾಕು, ಉಳಿದದ್ದು ಹೈಸ್ಕೂಲ್ ಗಣಿತ. ತ್ರಿಕೋನದ ಬೆನ್ನಿಗೆ ತ್ರಿಕೋನ ಕಟ್ಟುತ್ತಾ ಹಿಮಾಲಯದ ತನಕ ಹೋಗಬಹುದು. ಹೋದರು ಕೂಡ. ಅಂಥ ಅಡಿಗೆರೆಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. 1841–42ರಲ್ಲಿ ಬೀದರಿನಲ್ಲೊಂದು ಅಳೆದರು, 1867–68ರಲ್ಲಿ ಬೆಂಗಳೂರಿನಲ್ಲೊಂದು. ನಮ್ಮದರ ಒಂದು ತುದಿ ಮೇಖ್ರಿ ಸರ್ಕಲ್ ಹತ್ತಿರ, ಇನ್ನೊಂದು ಈ ಕಣ್ಣೂರು. ನಡುವೆ ಹನ್ನೊಂದು ಕಿಲೋಮೀಟರ್ ಆಸುಪಾಸು. ಹಿತ್ತಾಳೆ, ಕಬ್ಬಿಣ ಜೋಡಿಸಿದ ಹತ್ತಡಿ ಸರಳುಗಳನ್ನು ಒಂದರ ಮುಂದೊಂದು ಇಡೋದು, ಬಿಸಿಲಿಗೆ ಲೋಹ ಹಿಗ್ಗದಿರಲಿ ಅಂತ ಮೇಲೆ ಡೇರೆ ಹಾಕೋದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಮುಂದಿನ ಸರಳು ಇಡೋದು. ಇವತ್ತು ಸಂಜೆ ಆರಕ್ಕೆ ಮೇಖ್ರಿ ಸರ್ಕಲ್ ಬಿಟ್ಟು ಕಣ್ಣೂರಿಗೆ ಕಾರಲ್ಲಿ ಹೊರಟವನಿಗಿಂತ ಆ ಸರಳಿನವರೇ ಮೊದಲು ತಲುಪ್ತಾರೇನೋ.

ಇದಕ್ಕೂ ಮೊದಲು, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಅನ್ನೋ ಸೇನಾಧಿಕಾರಿ ಬೆಂಗಳೂರಿನ ಹತ್ತಿರವೇ ಇನ್ನೊಂದು ಗೆರೆ ಅಳೆದಿದ್ದ. ಟಿಪ್ಪು ಸತ್ತು ಇನ್ನೂ ಎರಡು ವರ್ಷ ಆಗಿರಲಿಲ್ಲ. ಅವನ ಕೈಲಿದ್ದ ನೂರಡಿ ಉಕ್ಕಿನ ಸರಪಳಿಯ ಕಥೆ ಕೇಳಿ. ಬ್ರಿಟಿಷರು ಅದನ್ನು ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಒಯ್ದಿದ್ದರು. ಚಕ್ರವರ್ತಿಗೆ ಬೇಡವಾಯ್ತು. ಅದು ಕಲ್ಕತ್ತಾಗೆ ಬಂತು, ಅಲ್ಲಿಂದ ನಮ್ಮ ಪಾಲಿಗೆ ಬಂತು. ಮುಂದೆ ಲ್ಯಾಂಬ್ಟನ್ ಮದ್ರಾಸಿನಿಂದ ಮಂಗಳೂರಿನ ತನಕ ತ್ರಿಕೋನ ಕಟ್ಟಿ ನೋಡಿದಾಗ, ಹಳೆಯ ನಕ್ಷೆಯಲ್ಲಿ 400 ಮೈಲಿ ಇದ್ದ ಅಗಲ ಬರೀ 360 ಮೈಲಿ ಅಂತ ಗೊತ್ತಾಯ್ತು. ನಲವತ್ತು ಮೈಲಿ ಖೋತಾ! ಈ ಕಾಲದಲ್ಲಾಗಿದ್ದರೆ ಆ ನಲವತ್ತು ಮೈಲಿಗೆ ಖಾತೆ, ಕಂದಾಯ ರಸೀದಿ ಎಲ್ಲ ಆಗಿ, ಒಂದು ಲೇಔಟ್ ಮಾರಾಟ ಆಗಿ, ಎರಡನೇ ಹಂತಕ್ಕೆ ಬುಕಿಂಗ್ ಶುರುವಾಗಿರ್ತಿತ್ತು.

ಸರಿ, ಇಂಥ ಅಳತೆಯ ಕಲ್ಲು ಹುಡುಕೋ ಹವ್ಯಾಸಿಗಳ ವಿಷಯಕ್ಕೆ ಬರ್ತೀನಿ. ಭಾನುವಾರ ಬೆಳಗ್ಗೆ ಜನ ಮಸಾಲೆ ದೋಸೆಗೆ ಕ್ಯೂ ನಿಂತಿರುವಾಗ, ಈ ಊರಲ್ಲಿ ಕೆಲವರು ಕಲ್ಲು ಹುಡುಕ್ತಾ ಓಡಾಡ್ತಾರೆ. ಹಳೇ ಸರ್ಕಾರಿ ಕಟ್ಟಡ, ಚರ್ಚಿನ ಮೆಟ್ಟಿಲು, ರೈಲ್ವೆ ನಿಲ್ದಾಣದ ಮೂಲೆ, ಸೇತುವೆಯ ಕಟ್ಟೆ ಎಲ್ಲ ಜಾಲಾಡ್ತಾರೆ. ಅವರಿಗೆ ಬೇಕಾದ್ದು ಬೆಂಚ್‌ಮಾರ್ಕ್. ಸಮುದ್ರಮಟ್ಟದಿಂದ ಆ ಜಾಗ ಎಷ್ಟು ಎತ್ತರ ಅಂತ ಲೆಕ್ಕ ಹಾಕಿ ನೆಟ್ಟ ಕಲ್ಲು. ಮೇಲೆ ಇಂಗ್ಲಿಷಿನಲ್ಲಿ ಜಿ.ಟಿ.ಎಸ್. (ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ, ಅಂದ್ರೆ ಬ್ರಿಟಿಷರ ಆ ತ್ರಿಕೋನದ ಅಳತೆ), ಕೆಳಗೆ ಬಿ.ಎಂ. (ಬೆಂಚ್‌ಮಾರ್ಕ್), ನಡುವೆ ಕೆತ್ತಿದ ಸಣ್ಣ ಚೌಕ. ಅಷ್ಟೇ.

ಒಮ್ಮೆ ಗೆಳೆಯರೊಬ್ಬರು ನನ್ನನ್ನೂ ಎಳ್ಕೊಂಡು ಹೋಗಿ ಒಂದನ್ನು ತೋರಿಸಿದರು. ಕಲ್ಲಿಗೆ ಅರಿಶಿನ, ಕುಂಕುಮ. ಚೌಕದ ಗುಳಿಯಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ಅರ್ಧ ಸುಟ್ಟ ಬತ್ತಿ. ಪಕ್ಕದಲ್ಲಿ ನಿಂಬೆಹಣ್ಣಿನ ಹೋಳು. ಬಿ.ಎಂ. ಅನ್ನೋ ಅಕ್ಷರದ ಮೇಲೆ ಯಾರೋ ಶ್ರದ್ಧೆಯಿಂದ ವಿಭೂತಿ ಎಳೆದಿದ್ದರು. ಹೂ ಕಟ್ಟುತ್ತಿದ್ದ ಅಜ್ಜಿಯನ್ನು ಕೇಳಿದೆವು.

‘ಇದು ಯಾವ ದೇವರಮ್ಮ?’

‘ಭೂಮಮ್ಮ ಕಣಪ್ಪ. ಬಿ.ಎಂ. ಅಂತ ಬರ್ದಿಲ್ವಾ? ನನ್ ಮೊಮ್ಮಗ ಓದಿ ಹೇಳ್ದ.’

ಗೆಳೆಯರು ತಿದ್ದೋಕೆ ಬಾಯಿ ತೆರೆದರು, ನಾನು ಕೈ ಹಿಸುಕಿದೆ. ಆ ಅಜ್ಜಿ ಇರೋವರೆಗೂ ಆ ಕಲ್ಲಿಗೆ ಏನೂ ಆಗಲ್ಲ. ನಮ್ಮಲ್ಲಿ ಕಲ್ಲು ಉಳೀಬೇಕಾದ್ರೆ ಅದು ದೇವರಾಗಬೇಕು. ಅದೂ ತೀರಾ ದೊಡ್ಡ ದೇವರಾಗಬಾರದು. ಹಾಗೇನಾದ್ರೂ ಆದರೆ, ನಿಧಿ ಇದೆ ಅಂತ ಅಮಾವಾಸ್ಯೆ ರಾತ್ರಿ ಪಿಕಾಸಿ ಹಿಡ್ಕೊಂಡು ಬರ್ತಾರೆ. ಹಂಪಿಯಿಂದ ಹಿಡಿದು ಹಳ್ಳಿಯ ವೀರಗಲ್ಲಿನವರೆಗೆ ಇವರ ಗುದ್ದಲಿ ಬೀಳದ ಜಾಗ ಕಮ್ಮಿ.

ನಿಧಿ ಅಂದಾಗ ನೆನಪಾಯ್ತು. ಈ ಕಲ್ಲು ಹುಡುಕೋರಿಗೆ ಒಬ್ಬ ತಮ್ಮ ಇದ್ದಾನೆ, ಜಿಯೋಕ್ಯಾಶಿಂಗ್ ಅಂತ. 2000ದ ಮೇ ತಿಂಗಳ ಶುರುವಿನಲ್ಲಿ ಅಮೆರಿಕ ಸರ್ಕಾರ ಜಿಪಿಎಸ್‌ಗೆ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಅದುವರೆಗೆ ನೂರು ಮೀಟರ್ ಆಚೀಚೆ ತೋರಿಸ್ತಿದ್ದ ಯಂತ್ರ ತಟಕ್ಕನೆ ನೆಟ್ಟಗಾಯ್ತು. ಮರುದಿನವೇ ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಒಂದು ಬಕೆಟ್‌ನಲ್ಲಿ ಪುಸ್ತಕ, ಕವಣೆ, ಒಂದು ಡಬ್ಬಿ ಹುರುಳಿಕಾಯಿ ಬೀಜ ಎಲ್ಲ ತುಂಬಿ ಕಾಡಂಚಲ್ಲಿ ಹೂತಿಟ್ಟು, ಅಕ್ಷಾಂಶ ರೇಖಾಂಶ ಜಗತ್ತಿಗೆ ಸಾರಿದ. ಹೋಗಿ ಹುಡುಕಿ, ಪುಸ್ತಕದಲ್ಲಿ ಸಹಿ ಹಾಕಿ ಬನ್ನಿ ಅಂದ. ಇವತ್ತು ಅಂಥ ಡಬ್ಬಿಗಳು ಜಗತ್ತಿನ ತುಂಬ ಲಕ್ಷಗಟ್ಟಲೆ ಇವೆ.

ಅಮೆರಿಕದಲ್ಲಿ ಬೆಂಚ್‌ಮಾರ್ಕ್ ಹುಡುಕೋರನ್ನು ಸರ್ಕಾರವೇ ಬಳಸಿಕೊಳ್ಳುತ್ತೆ. ನಿಮ್ಮೂರ ಗುರುತಿನ ಕಲ್ಲು ಜಾಗದಲ್ಲೇ ಇದೆಯಾ, ಹಾಳಾಗಿದೆಯಾ ಅಂತ ಜನ ನೋಡಿ ಬರೆದು ಕಳಿಸಿದರೆ ಅಲ್ಲಿನ ಸರ್ವೆ ಸಂಸ್ಥೆ ದಾಖಲೆಗೆ ಸೇರಿಸಿಕೊಳ್ಳುತ್ತೆ. ಸಂಬಳ ಇಲ್ಲ, ಸಾರಿಗೆ ಭತ್ಯೆ ಇಲ್ಲ, ಪುಕ್ಕಟೆ ಕೆಲಸ. ನಮ್ಮಲ್ಲಿ ಫೋನ್ ಹಿಡ್ಕೊಂಡು ಸೇತುವೆ ಕೆಳಗೆ ಬಗ್ಗಿ ನೋಡಿ.

‘ಏನ್ ಸಾರ್ ಹುಡುಕ್ತಾ ಇದೀರಾ?’

‘ಡಬ್ಬಿ.’

‘ಯಾರ್ ಇಟ್ಟಿದ್ದು?’

‘ಗೊತ್ತಿಲ್ಲ.’

‘ಒಳಗೇನಿದೆ?’

‘ಅದೂ ಗೊತ್ತಿಲ್ಲ.’

ಇಷ್ಟಾದ ಮೇಲೆ ಕಾನ್‌ಸ್ಟೇಬಲ್ ಬಾಂಬ್ ದಳ ಕರೆಸದೆ ಇನ್ನೇನು ಮಾಡಬೇಕು ಹೇಳಿ. ಇಂಗ್ಲೆಂಡಿನಲ್ಲೂ ಇಂಥ ಡಬ್ಬಿಯನ್ನು ಬಾಂಬ್ ಅಂತ ಸಿಡಿಸಿದ್ದಿದೆ. ಅಲ್ಲಿ ಹೋಗಿದ್ದು ಡಬ್ಬಿ ಮಾತ್ರ. ಇಲ್ಲಿ ಉಪಗ್ರಹಕ್ಕೆ ಸಂದೇಶ ಕಳಿಸೋ ಚಾರಣದ ಯಂತ್ರ ಬ್ಯಾಗಲ್ಲಿದ್ದ ತಪ್ಪಿಗೆ ವಿದೇಶಿ ಪ್ರವಾಸಿಗಳು ವಿಮಾನ ನಿಲ್ದಾಣದಲ್ಲೇ ಪೊಲೀಸರ ಅತಿಥಿಗಳಾಗಿದ್ದಾರೆ.

ಹಾಗಂತ ಈ ಆಟ ನಮಗೆ ಹೊಸದು ಅನ್ಕೋಬೇಡಿ. ಡೇವ್ ಅಲ್ಮರ್ ಹುಟ್ಟೋಕೂ ಮುಂಚೆಯಿಂದ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಇದನ್ನು ಆಡಿಸ್ತಾ ಇದ್ದಾರೆ. ಜಿಯೋಕ್ಯಾಶಿಂಗ್‌ನಲ್ಲಿ ಬಹುಹಂತದ ಡಬ್ಬಿ ಅಂತ ಒಂದಿದೆ. ಮೊದಲ ಜಾಗದಲ್ಲಿ ನಿಧಿ ಸಿಗಲ್ಲ, ಎರಡನೇ ಜಾಗದ ಸುಳಿವು ಸಿಗುತ್ತೆ. ನಮ್ಮಲ್ಲಿ ಇದರ ಹೆಸರು ಹದ್ದುಬಸ್ತು ಅರ್ಜಿ, ಅಂದ್ರೆ ಜಮೀನಿನ ಗಡಿ ಗುರುತಿಸಿ ಕೊಡಿ ಅಂತ ಕೇಳೋದು. ನಮ್ಮ ಕಡೆಯ ಒಂದು ಕಚೇರಿಯಲ್ಲಿ ನಾನೂ ಆಡಿದ್ದೀನಿ. ಮೊದಲ ಕಿಟಕಿಯಲ್ಲಿ ಪಹಣಿ ತನ್ನಿ ಅಂದ್ರು. ತಂದೆ. ಎರಡನೇ ಕಿಟಕಿಯಲ್ಲಿ ಹಳೇ ಸರ್ವೆಯ ಟಿಪ್ಪಣಿ ನಕಲು ಬೇಕು, ಅದು ರೆಕಾರ್ಡ್ ರೂಮಲ್ಲಿದೆ ಅಂದ್ರು. ರೆಕಾರ್ಡ್ ರೂಮಿನ ಬೀಗದ ಕೈ ಇರೋರು ಊಟಕ್ಕೆ ಹೋಗಿದ್ರು. ಊಟ ಮುಗಿಸಿ ಬಂದೋರು ಆಕಾರ್‌ಬಂದ್‌ಗೂ (ಜಮೀನಿನ ವಿಸ್ತೀರ್ಣದ ಸರ್ವೆ ದಾಖಲೆ) ಪಹಣಿಗೂ ಎರಡು ಗುಂಟೆ ತಾಳೆ ಆಗ್ತಿಲ್ಲ, ಮೊದಲು ಅದನ್ನು ಸರಿ ಮಾಡಿಸ್ಕೊಳ್ಳಿ ಅಂತ ನನ್ನನ್ನು ಮತ್ತೆ ಮೊದಲ ಕಿಟಕಿಗೇ ಕಳಿಸಿದ್ರು. ಹುಡುಕಿದರೂ ಸಿಗದಿದ್ದರೆ ಜಿಯೋಕ್ಯಾಶಿಂಗ್‌ನವರು ‘ಸಿಗಲಿಲ್ಲ’ ಅಂತ ಬರೆದು ಸುಮ್ನೆ ಮನೆಗೆ ಹೋಗ್ತಾರೆ. ನಮ್ಮಲ್ಲಿ ಸಿಗಲಿಲ್ಲ ಅನ್ನೋದಕ್ಕೂ ಮುದ್ರೆ ಒತ್ತಿದ ಹಿಂಬರಹ ಕೊಡ್ತಾರೆ: ‘ಸದರಿ ಕಡತವು ಶಿಥಿಲಗೊಂಡಿರುವುದರಿಂದ...’

ಆಟದ ಇನ್ನೊಂದು ನಿಯಮ: ಡಬ್ಬಿಯಿಂದ ಏನಾದ್ರೂ ತಗೊಂಡ್ರೆ, ಅದಕ್ಕೆ ಸಮನಾದ್ದು ಅಥವಾ ಜಾಸ್ತಿ ಬೆಲೆಯದ್ದು ಇಟ್ಟು ಬರಬೇಕು. ಇದನ್ನು ನಮ್ಮ ಕಚೇರಿಗಳಲ್ಲಿ ಯಾರೂ ಗೋಡೆ ಮೇಲೆ ಬರೆದಿಲ್ಲ. ಆದರೂ ಎಲ್ಲರೂ ಪಾಲಿಸ್ತಾರೆ.

ಇಷ್ಟೆಲ್ಲ ಆಗಿ ಸರ್ವೆಯರ್ ಬಂದ್ರು ಅಂತಿಟ್ಕೊಳ್ಳಿ. ಮೊದಲು ಚೈನು ಎಳೀತಿದ್ರು, ಮೂವತ್ತಮೂರು ಅಡಿ, ಹದಿನಾರು ಆಣೆ. ಈಗ ಉಪಗ್ರಹ ಕೇಳೋ ರೋವರ್ ಬಂದಿದೆ, ಕೋಲಿನ ಮೇಲೆ ಅಣಬೆ ಇಟ್ಟ ಹಾಗಿರುತ್ತೆ. ಆಕಾಶ ತಪ್ಪು ಹೇಳಲ್ಲ. ಆದರೆ ನೆಲದ ಮೇಲಿನ ಕಲ್ಲು? ‘ನಮ್ಮಪ್ಪನ ಕಾಲದಲ್ಲಿ ಹುಣಸೆ ಮರದ ಬುಡದಲ್ಲಿತ್ತು ಸ್ವಾಮಿ’ ಅಂತ ಒಬ್ಬರು. ‘ಯಾವ ಹುಣಸೆ ಮರ?’ ಅಂತ ಪಕ್ಕದ ಹೊಲದವರು. ಮರ ಕಡಿದು ಇಪ್ಪತ್ತು ವರ್ಷ ಆಗಿದೆ. ಕಡಿದವರು ಅವರೇ. ಪ್ರತಿ ಉಳುಮೆಗೆ ಅರ್ಧ ಅಡಿ ನಡೆಯೋ ಕಲ್ಲಿಗೆ ಇಷ್ಟು ಹೊತ್ತಿಗೆ ತಾಲ್ಲೂಕು ದಾಟಬೇಕಿತ್ತು. ಬದುವಿನ ಆಚೆ ಒಡಹುಟ್ಟಿದ ಅಣ್ಣನೇ ಇದ್ದಿದ್ದಕ್ಕೆ ಅಲ್ಲೇ ನಿಂತಿದೆ, ಅವನೂ ಅತ್ತಲಿಂದ ತಳ್ತಾ ಇದ್ದಾನಲ್ಲ.

ಕಾನೂನಿನ ವಿಷಯ ಇನ್ನೂ ಮಜಾ. ಸರ್ಕಾರ ನೆಟ್ಟ ಗುರುತಿನ ಕಲ್ಲು ಕಿತ್ತರೆ, ಜರುಗಿಸಿದರೆ ಹಳೇ ಐಪಿಸಿಯ 434ನೇ ಕಲಂ ಪ್ರಕಾರ ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2016ರಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಮಸೂದೆ ತಂದಿತ್ತು, ನೆನಪಿದೆಯಾ? ದೇಶದ ನಕ್ಷೆಯನ್ನು ತಪ್ಪಾಗಿ ಬರೆದರೆ ನೂರು ಕೋಟಿ ರೂಪಾಯಿವರೆಗೆ ದಂಡ, ಏಳು ವರ್ಷದವರೆಗೆ ಜೈಲು. ಪುಣ್ಯಕ್ಕೆ ಅದು ಕರಡಿನಲ್ಲೇ ಉಳೀತು. ಆದರೂ ಯೋಚನೆ ನೋಡಿ. ಕಾಗದದ ಮೇಲೆ ಗೆರೆ ಜಾರಿದರೆ ನೂರು ಕೋಟಿ. ನೆಲದ ಮೇಲೆ ಗೆರೆಯನ್ನೇ ಕಿತ್ತು ಟ್ರ್ಯಾಕ್ಟರಿಗೆ ಹಾಕ್ಕೊಂಡು ಹೋದರೆ, ಬಾ ಮಾತಾಡೋಣ.

ನಗೋದು ಸಾಕಾಯ್ತು. ಆ ಗೋಪುರಕ್ಕೆ ಕೋಟಿಗಟ್ಟಲೆ ಯೋಜನೆ ಬೇಕಿರಲಿಲ್ಲ. ಲೇಸರ್ ಶೋ, ವಸ್ತುಸಂಗ್ರಹಾಲಯ ಯಾವುದೂ ಬೇಕಿರಲಿಲ್ಲ. ನಾಲ್ಕು ಕಲ್ಲುಕಂಬ, ಒಂದು ತಂತಿ ಬೇಲಿ, ‘ಇದನ್ನು ಮುಟ್ಟಬೇಡಿ’ ಅಂತ ಒಂದು ಬೋರ್ಡು. ಅಷ್ಟೇ. ಇಲ್ಲೊಂದು ಇದೆ ಕಣ್ರಪ್ಪ ಅಂತ ಈ ಕಲ್ಲು ಹುಡುಕೋ ಹುಚ್ಚರು ಫೋಟೋ ತೆಗೆದರು, ಬರೆದರು, ಜನರನ್ನು ಕರ್ಕೊಂಡು ಹೋಗಿ ತೋರಿಸಿದರು. ಅವರಿಗೆ ಗೊತ್ತಿತ್ತು. ಗೊತ್ತಿರಬೇಕಾದ ಕುರ್ಚಿಗಳಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಏಳಲಿಲ್ಲ. ನಾಡಿನ ಒಂದೊಂದು ಗುಂಟೆಗೂ ಲೆಕ್ಕ ಬರೆದಿಟ್ಟಿರುವ ಸರ್ಕಾರಕ್ಕೆ ಆ ಲೆಕ್ಕದ ಹುಟ್ಟಿನ ಜಾಗ ಕಾಯೋಕೆ ಆಗಲಿಲ್ಲ. ಇದರಲ್ಲಿ ತಮಾಷೆ ಮಾಡೋಕೆ ಏನೂ ಇಲ್ಲ. ಹೊಟ್ಟೆ ಉರಿಯುತ್ತೆ, ಅಷ್ಟೇ.

ಈಗ ಊರಿನ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕಲ್ಲು ಹುಡುಕೋರೇ. ಸೈಟ್ ತಗೊಳ್ಳೋಕೆ ಹೋದವರು ಮೊದಲು ಮಾಡೋದು ಫೋನಲ್ಲಿ ದಿಶಾಂಕ್ ತೆರೆಯೋದು. ನಿಂತ ಜಾಗದ ಸರ್ವೆ ನಂಬರ್ ಹೇಳುತ್ತೆ ಅದು. ಏಜೆಂಟ್ ಮುಂದೆ ನಿಂತು ‘ಪೂರ್ವ ದಿಕ್ಕು ಸಾರ್, ಕಾರ್ನರ್ ಸೈಟು, ಗಾಳಿ ಬೆಳಕು ಚೆನ್ನಾಗಿದೆ’ ಅಂತಿರ್ತಾನೆ. ಫೋನು ತಣ್ಣಗೆ ‘ಕೆರೆ’ ಅಂತ ತೋರಿಸ್ತಿರುತ್ತೆ. ‘ಅದು ಹಳೇ ಮ್ಯಾಪ್ ಸಾರ್’ ಅಂತಾನೆ ಏಜೆಂಟ್. ಮಳೆ ಬಂದಾಗ ಮಾತ್ರ ನೀರು ಯಾಕೋ ಆ ಹಳೇ ಮ್ಯಾಪನ್ನೇ ನೋಡಿ ಬರುತ್ತೆ.

ಬೆಂಚ್‌ಮಾರ್ಕ್ ಇರೋದೇ ಅದಕ್ಕೆ. ಯಾವ ಜಾಗ ಎತ್ತರ, ಯಾವುದು ತಗ್ಗು, ನೀರು ಎತ್ತ ಹೋಗುತ್ತೆ ಅಂತ ತಿಳಿಯೋಕೆ. ಆ ಲೆಕ್ಕದ ಬುಡ ಸಮುದ್ರ. ಇಡೀ ದೇಶದ ಎತ್ತರದ ಲೆಕ್ಕಕ್ಕೆ ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರ ಇಳಿತ ಅಳೆದರು. ಅದರಲ್ಲಿ ನಮ್ಮ ಕಾರವಾರವೂ ಒಂದು. ಕಾರವಾರದ ಅಲೆ ಅಳೆದು ಕಟ್ಟಿದ ಲೆಕ್ಕ ಘಟ್ಟ ಹತ್ತಿ, ಕಲ್ಲಿಂದ ಕಲ್ಲಿಗೆ ದಾಟಿ, ರೈಲ್ವೆ ನಿಲ್ದಾಣದ ಹಳದಿ ಬೋರ್ಡಿನ ಮೇಲೆ ಬಂದು ಕೂತಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರ್ ಮೇಲೆ. 2022ರ ಸೆಪ್ಟೆಂಬರಿನಲ್ಲಿ ಆ ಒಂಬೈನೂರು ಮೀಟರ್ ಎತ್ತರದಲ್ಲಿ ಕೋಟಿ ಕೋಟಿ ಬೆಲೆಯ ಮನೆಗಳ ಜನರನ್ನು ದೋಣಿ, ಟ್ರ್ಯಾಕ್ಟರಲ್ಲಿ ಹೊರಗೆ ಕರ್ಕೊಂಡು ಬಂದ್ರು.

ಮೊನ್ನೆ ನಮ್ಮ ಬಡಾವಣೆಯಲ್ಲಿ ಹೊಸ ಚರಂಡಿ ಆಯ್ತು. ಮೊದಲ ಮಳೆಗೇ ನೀರು ಹಿಂದಕ್ಕೆ ಬಂದು ಮೂಲೆ ಮನೆಯ ಅಡುಗೆಮನೆಗೆ ನುಗ್ಗಿತು. ಆ ಮನೆಯ ರಾಯರು ಎಂಜಿನಿಯರನ್ನು ಕರೆಸಿ ಕೇಳಿದರು, ‘ಲೆವೆಲ್ ನೋಡೇ ಕಟ್ಟಿದ್ರೇನ್ರೀ?’ ಎಂಜಿನಿಯರು ಚರಂಡಿಯ ಆ ತುದಿಯಿಂದ ಈ ತುದಿಗೆ ಒಂದು ಸಲ ನಡೆದು ಬಂದು, ಮೊಣಕಾಲಿನ ತನಕ ಮಡಚಿದ ಪ್ಯಾಂಟು ಇಳಿಸಿಕೊಳ್ತಾ ಹೇಳಿದರು: ‘ಲೆವೆಲ್ ಎಲ್ಲ ಕರೆಕ್ಟಾಗೇ ಇದೆ ಸಾರ್. ನೀರೇ ಉಲ್ಟಾ ಹರೀತಾ ಇದೆ.’