ಹಂದಿಯ ಉಭಯ ಕುಶಲೋಪರಿ

ಹಿಂದೆಲ್ಲ ಕಾಗದ ಬರೆಯುವಾಗ ಎಲ್ಲರದೂ ಒಂದೇ ಮೊದಲ ಸಾಲು. ಉಭಯ ಕುಶಲೋಪರಿ ಸಾಂಪ್ರತ. ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಕಾಗದ ಬರೆಯುತ್ತಿರಿ. ಈಗ ಯಾರೂ ಯಾರ ಕ್ಷೇಮವನ್ನೂ ಅಷ್ಟು ಶ್ರದ್ಧೆಯಿಂದ ಕೇಳುವುದಿಲ್ಲ. ಒಂದು ಜಾಗ ಬಿಟ್ಟು. ಅದು ಕಸಾಯಿಖಾನೆಯ ಬಾಗಿಲು. ಅಲ್ಲಿ ಹಂದಿಯ ಕ್ಷೇಮ ವಿಚಾರಿಸೋಕೆ ಫಾರಂ ಇದೆ, ಪ್ಯಾಡು ಹಿಡಿದ ಮನುಷ್ಯ ಇದ್ದಾನೆ, ಅಂಕ ಇದೆ, ಪಾಸು-ಫೇಲು ಕೂಡ ಇದೆ. ಸುಮಾರು ಆರು ತಿಂಗಳ ಆಯುಸ್ಸಿನಲ್ಲಿ ಯಾರೂ ಅಷ್ಟಾಗಿ ಕೇಳದ ಪ್ರಶ್ನೆಗಳನ್ನೆಲ್ಲ ಕೊನೆಯ ಅರ್ಧ ದಿನದಲ್ಲಿ ಕೇಳಿ ಮುಗಿಸುತ್ತಾರೆ.

ಯುರೋಪಿನಲ್ಲಿ 2009ರಲ್ಲಿ ಇದಕ್ಕೆ ಒಂದು ದಪ್ಪ ಕೈಪಿಡಿಯೇ ಬಂತು, ವೆಲ್ಫೇರ್ ಕ್ವಾಲಿಟಿ ಅಂತ. ನಾಲ್ಕು ತತ್ವ, ಹನ್ನೆರಡು ಮಾನದಂಡ. ಒಳ್ಳೆಯ ಊಟ, ಒಳ್ಳೆಯ ಮನೆ, ಒಳ್ಳೆಯ ಆರೋಗ್ಯ, ಸರಿಯಾದ ನಡವಳಿಕೆ. ಮನೆ ಬಾಡಿಗೆಗೆ ಕೊಡುವವರೂ ಇಷ್ಟು ಕೇಳುವುದಿಲ್ಲ. ಸಾಕುವ ಜಾಗದಲ್ಲಿ ಇದನ್ನೆಲ್ಲ ನೋಡುವುದು ಅರ್ಥವಾಗುತ್ತದೆ. ಕಸಾಯಿಖಾನೆಯಲ್ಲೂ ನೋಡುತ್ತಾರೆ. ಅಲ್ಲಿ 'ಒಳ್ಳೆಯ ಆರೋಗ್ಯ' ಎಂಬ ಸಾಲಿನ ಮುಂದೆ ಪೆನ್ನು ಇಡುವವನ ಮುಖ ಹೇಗಿರುತ್ತದೋ, ನನಗೊಂದು ಕುತೂಹಲ.

ಮೊದಲು ಲಾರಿ. ಸುಮಾರು 100 ಕಿಲೋ ತೂಗುವ ಹಂದಿಗಳನ್ನು ಸಾಗಿಸುವಾಗ ಚದರ ಮೀಟರಿಗೆ 235 ಕಿಲೋ ಮೀರಬಾರದು ಅನ್ನುತ್ತದೆ ಯುರೋಪಿನ ನಿಯಮ. ಅಂದರೆ ಚದರ ಮೀಟರಿಗೆ 2.35 ಹಂದಿ. ಎರಡರ ಲೆಕ್ಕ ಸಿಕ್ಕಿತು. ಉಳಿದ 0.35 ಹಂದಿ ಎಲ್ಲಿ ನಿಲ್ಲುತ್ತದೆ, ಯಾವ ಕಡೆ ಮುಖ ಮಾಡುತ್ತದೆ, ಲಾರಿ ಹತ್ತಿದವರೇ ಹೇಳಬೇಕು. ಇಳಿದ ಮೇಲೆ ಎರಡು-ಮೂರು ಗಂಟೆ ವಿಶ್ರಾಂತಿ. ಹಂದಿಗೆ ಬೆವರಿ ಮೈ ತಣಿಸಿಕೊಳ್ಳೋಕೆ ಬರಲ್ಲ, ಅದಕ್ಕೇ ಮೇಲಿಂದ ತುಂತುರು ನೀರು. ಒಳ್ಳೆಯ ಏರ್ಪಾಡೇ. ಆದರೆ ಬೇರೆ ಬೇರೆ ಕಡೆಯ, ಮುಖಪರಿಚಯವಿಲ್ಲದ ಹಂದಿಗಳನ್ನು ಒಂದೇ ದೊಡ್ಡಿಗೆ ತುಂಬಿಬಿಟ್ಟರೆ ವಿಶ್ರಾಂತಿಯೆಲ್ಲ ಯಾರು ಹೆಚ್ಚು ಅನ್ನುವ ಜಗಳದಲ್ಲೇ ಮುಗಿಯುತ್ತದೆ. ಫಾರಂನಲ್ಲಿ ಮಾತ್ರ: ವಿಶ್ರಾಂತಿ, ಮೂರು ಗಂಟೆ, ಟಿಕ್.

ಆಮೇಲೆ ಓಣಿ. ನನ್ನ ಪ್ರಕಾರ ಇಡೀ ನಾಟಕದ ಮುಖ್ಯ ಅಂಕ ಇದೇ. ಟ್ಯೂಬ್‌ಲೈಟಿನ ಕೆಳಗೆ ನೆಲದ ಮೇಲೆ ಒಂದಿಷ್ಟು ನೀರು ನಿಂತು ಹೊಳೆಯುತ್ತಿದೆ ಅಂದುಕೊಳ್ಳಿ. ಮುಂದಿನ ಹಂದಿ ಗಕ್ಕನೆ ನಿಲ್ಲುತ್ತದೆ. ಮೂತಿ ತಗ್ಗಿಸಿ ಆ ಹೊಳಪನ್ನು ಮೂಸುತ್ತದೆ. ಒಂದು ಹೆಜ್ಜೆ ಹಿಂದೆ ಇಡುತ್ತದೆ. ಹಿಂದಿನದು ಅದರ ಮೇಲೆ ಹತ್ತುತ್ತದೆ, ಅದರ ಹಿಂದಿನದು ಕಿರುಚುತ್ತದೆ. ಮುಂದೆ ಕತ್ತಲೆ. ಬೆಳಕಿನಿಂದ ಕತ್ತಲೆಗೆ ಹೋಗೋಕೆ ಹಂದಿ ಒಪ್ಪಲ್ಲ. ನೇತಾಡುವ ಸರಪಳಿ, ಮುಖಕ್ಕೆ ಹೊಡೆಯುವ ಗಾಳಿ, ಬೇಲಿಯ ಮೇಲೆ ಯಾರೋ ಬಿಟ್ಟುಹೋದ ಅಂಗಿ, ಏನಿದ್ದರೂ ಸಾಕು, ಮೆರವಣಿಗೆ ನಿಂತಂತೆಯೇ. ಒಂದು ಬಲ್ಬು ಹಾಕಿ, ನೀರು ಒರೆಸಿದರೆ ಅರ್ಧ ತೊಂದರೆ ಮುಗಿಯಿತು. ಆದರೆ ಬಲ್ಬು ತರೋಕೆ ಅರ್ಜಿ ಬರೆಯಬೇಕು. ಕರೆಂಟು ಕೋಲು ಕೈಯಲ್ಲೇ ಇರುತ್ತದೆ.

ಈ ಕೋಲಿನ ಲೆಕ್ಕವನ್ನು, ಕಿರುಚಾಟದ ಲೆಕ್ಕವನ್ನು ಅಂಕಿಗೆ ಇಳಿಸಿದವರು ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್. ಅವರನ್ನು ಆಡಿಕೊಳ್ಳುವ ಉದ್ದೇಶ ನನಗಿಲ್ಲ. ಎಣಿಸುವವರೇ ಇಲ್ಲದಿದ್ದಾಗ ಇನ್ನೂ ಘೋರವಾಗಿತ್ತು. ಆದರೆ ಪಾಸ್ ಅಂಕ ನೋಡಿ. ನೂರರಲ್ಲಿ 25 ಹಂದಿಗೆ ಕರೆಂಟು ಮುಟ್ಟಿಸಿದರೂ ಪಾಸು. ನೂರರಲ್ಲಿ ಒಂದು ಬಿದ್ದರೂ ಪಾಸು. ಹಿಡಿದು ನಿಲ್ಲಿಸುವ ಯಂತ್ರದಲ್ಲಿ ಐದು ಕಿರುಚಿದರೂ ಪಾಸು. ಇನ್ನೊಂದು ಸ್ವಾರಸ್ಯ ಇದೆ. ಎಣಿಸುವುದು ಕಿರುಚಿದ ಹಂದಿಗಳನ್ನು, ಕಿರುಚನ್ನಲ್ಲ. ಒಂದು ಸಲ ಕುಯ್ ಅಂದ ಹಂದಿಯೂ ಒಂದೇ, ಗಂಟಲು ಹರಿಯುವಂತೆ ಹತ್ತು ಸಲ ಅರಚಿದ ಹಂದಿಯೂ ಒಂದೇ. ಒಮ್ಮೆ ಕಿರುಚಿದ ಮೇಲೆ ಉಳಿದದ್ದೆಲ್ಲ ಫ್ರೀ.

ಇಷ್ಟೆಲ್ಲ ಮುತುವರ್ಜಿ ಯಾಕೆ ಅಂತೀರಾ? ಗಾಬರಿಯಾದ ಹಂದಿಯ ಮಾಂಸ ಸೋರುತ್ತದೆ, ಅದಕ್ಕೆ.

ಕೊನೇ ಗಳಿಗೆಯಲ್ಲಿ ಹಂದಿ ಹೆದರಿ ಒದ್ದಾಡಿದರೆ ಸ್ನಾಯುವಿನ ಸಕ್ಕರೆ ಸರಸರ ಆಮ್ಲವಾಗುತ್ತದೆ. ದೇಹ ಇನ್ನೂ ಬಿಸಿಯಾಗಿದೆ, ಒಳಗೆ ಆಮ್ಲ ಏರಿದೆ. ಮಾಂಸದ ಪ್ರೋಟೀನು ಕೆಡುತ್ತದೆ, ಹಿಡಿದಿಟ್ಟ ನೀರನ್ನು ಬಿಟ್ಟುಬಿಡುತ್ತದೆ. ಬಿಳಿಚಿಕೊಂಡ, ಮೆತ್ತಗಿನ, ನೀರು ಸುರಿಸುವ ಮಾಂಸ. ಈ ದಂಧೆಯವರ ಬಾಯಲ್ಲಿ ಅದು ಪಿಎಸ್‌ಇ. ಕೊಂದ 45 ನಿಮಿಷಕ್ಕೆ ಬೆನ್ನಿನ ಮಾಂಸಕ್ಕೆ ಆಮ್ಲ ಅಳೆಯುವ ಪಿಎಚ್ ಮೀಟರಿನ ಮೊನೆ ಚುಚ್ಚುತ್ತಾರೆ. ಆಮ್ಲ ಏರಿದಷ್ಟೂ ಅದರ ಅಂಕಿ ಇಳಿಯುತ್ತದೆ. ಬದುಕಿದ್ದಾಗ 7ರ ಆಸುಪಾಸು ಇದ್ದದ್ದು ಅಷ್ಟು ಬೇಗ 6ಕ್ಕಿಂತ ಕೆಳಗೆ ಇಳಿದಿದ್ದರೆ ಮಾಲೀಕರ ಮುಖವೂ ಇಳಿಯುತ್ತದೆ. ಇನ್ನು ದಿನಗಟ್ಟಲೆ ಸುಸ್ತಾಗಿ, ಹಸಿದು, ಜಗಳಾಡಿ ಬಂದ ಹಂದಿಯದು ಬೇರೆ ಕಥೆ. ಅದರ ಸಕ್ಕರೆ ಮೊದಲೇ ಖಾಲಿ. ಆಮ್ಲವಾಗೋಕೆ ಏನೂ ಉಳಿದಿಲ್ಲ. ಮಾರನೇ ದಿನವೂ ಪಿಎಚ್ 6ರ ಮೇಲೇ ನಿಂತಿರುತ್ತದೆ, ಮಾಂಸ ಕಪ್ಪಗೆ, ಗಟ್ಟಿಯಾಗಿ, ಒಣಗಿದಂತೆ ಕಾಣುತ್ತದೆ, ಬೇಗ ಕೆಡುತ್ತದೆ. ಅದು ಡಿಎಫ್‌ಡಿ. ಒಟ್ಟಿನಲ್ಲಿ ಹಂದಿ ಕಿರುಚಿದಾಗ ಕೇಳಿಸದ ದೂರು, ತೂಕದ ಯಂತ್ರದ ಮೇಲೆ ಚೆನ್ನಾಗಿ ಕೇಳಿಸುತ್ತದೆ. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅಂತ ಗಾದೆ ಇದೆಯಲ್ಲ, ಇಲ್ಲಿ ಹಂದಿ ನೆಮ್ಮದಿಯಾಗಿದ್ದಷ್ಟೂ ಲಾಭ.

ಮೈಮೇಲಿನ ಗಾಯಕ್ಕೂ ಅಂಕ ಇದೆ. ಅದನ್ನು ನೋಡೋಕೆ ಒಳ್ಳೆಯ ಸಮಯ ಯಾವುದು ಗೊತ್ತಾ? ಬಿಸಿನೀರಲ್ಲಿ ಮುಳುಗಿಸಿ, ಕೂದಲು ಕೆರೆದು, ಬೆಳ್ಳಗೆ ಮಾಡಿ ತಲೆಕೆಳಗಾಗಿ ನೇತುಹಾಕಿದ ಮೇಲೆ. ಆಗ ಹಲ್ಲಿನ ಗೀರುಗಳು ಕೆಂಪಗೆ ಎದ್ದು ಕಾಣುತ್ತವೆ. ಬಾಲದ ಗಾಯಕ್ಕೆ ಬೇರೆ ಅಂಕ. ಬೇಸರಕ್ಕೆ, ಇಕ್ಕಟ್ಟಿಗೆ ಹಂದಿಗಳು ಒಂದರ ಬಾಲ ಇನ್ನೊಂದು ಕಚ್ಚುತ್ತವೆ, ಹಾಗಾಗಿ ಬಾಲ ನೋಡಿದರೆ ಸಾಕಿದ ಜಾಗದ ಜಾತಕ ಸಿಗುತ್ತದೆ. ಎಷ್ಟು ಜಾಣ ಉಪಾಯ! ಸಣ್ಣದೊಂದು ತೊಡಕು. ಬಾಲವೇ ಇಲ್ಲ. ಮರಿ ಇದ್ದಾಗಲೇ ಕತ್ತರಿಸಿರುತ್ತಾರೆ. ವಾಡಿಕೆಯಂತೆ ಬಾಲ ಕತ್ತರಿಸಬಾರದು ಅಂತ ಯುರೋಪಿನಲ್ಲಿ ಕಾನೂನಿದೆ, ಆದರೂ ಅಲ್ಲಿನ ಹೆಚ್ಚಿನ ಹಂದಿಗಳು ಮೋಟುಬಾಲದಲ್ಲೇ ಬರುತ್ತವೆ. ಕಚ್ಚೋಕೆ ಬಾಲ ಇಲ್ಲ, ಗಾಯ ಇಲ್ಲ, ಅಂಕ ಮಾತ್ರ ಭರ್ತಿ.

ವೇಗದ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ಸಾಲಿನ ವೇಗಕ್ಕೆ ಗಂಟೆಗೆ 1,106 ಹಂದಿ ಅಂತ ಮಿತಿ ಇತ್ತು. ಒಂದಕ್ಕೆ ಮೂರೂಕಾಲು ಸೆಕೆಂಡು. ಅದೂ ನಿಧಾನ ಅನ್ನಿಸಿ, ಹೊಸ ತಪಾಸಣೆ ಪದ್ಧತಿಗೆ ಒಪ್ಪಿದ ಕಸಾಯಿಖಾನೆಗಳಿಗೆ 2019ರಲ್ಲಿ ಮಿತಿಯನ್ನೇ ತೆಗೆದರು. 2021ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಕಾರಣ, ಕೆಲಸಗಾರರ ಸುರಕ್ಷತೆಯನ್ನು ಯೋಚಿಸಿರಲಿಲ್ಲ ಅಂತ. ಹಂದಿ ಆ ಕೇಸಿನಲ್ಲಿ ಎಲ್ಲಿತ್ತೋ ಗೊತ್ತಾಗಲಿಲ್ಲ.

ಈಗ ಗುಂಡಿಯ ಹತ್ತಿರ ಬನ್ನಿ. ಕೊಯ್ಯುವ ಮೊದಲು ಕರೆಂಟು ಕೊಟ್ಟು ಪ್ರಜ್ಞೆ ತಪ್ಪಿಸುವುದು ಹಳೆಯ ಕ್ರಮ. ಒಂದೊಂದೇ ಹಂದಿಯನ್ನು ಸಾಲಿಗೆ ತಳ್ಳಬೇಕು, ಗಲಾಟೆ ಜಾಸ್ತಿ, ಮೂಳೆ ಮುರಿಯುತ್ತದೆ, ಮಾಂಸದಲ್ಲಿ ರಕ್ತದ ಚುಕ್ಕೆ ಬೀಳುತ್ತದೆ. ದೊಡ್ಡ ಕಸಾಯಿಖಾನೆಗಳಲ್ಲಿ ಈಗ ಕಾರ್ಬನ್ ಡೈಆಕ್ಸೈಡ್. ಹಂದಿಗಳನ್ನು ಗುಂಪಾಗಿಯೇ ತೊಟ್ಟಿಲಿನಂಥ ಪಂಜರಕ್ಕೆ ಬಿಡುತ್ತಾರೆ. ಗುಂಪಲ್ಲಿ ಇದ್ದರೆ ಅವು ಸಮಾಧಾನವಾಗಿ ನಡೆಯುತ್ತವೆ. ಕರೆಂಟು ಕೋಲು ಬೇಡ. ಪಿಎಸ್‌ಇ ಕಡಿಮೆ. ಫಾರಂಗೆ ಖುಷಿಯೋ ಖುಷಿ.

ಪಂಜರ ಕೆಳಗಿಳಿಯುತ್ತದೆ. ಆ ಗ್ಯಾಸು ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ನಿಂತಿರುತ್ತದೆ. ಸೋಡಾ ಕುಡಿಯುವಾಗ ನೆತ್ತಿಗೆ ಹತ್ತಿ ಮೂಗು ಉರಿಯುತ್ತದಲ್ಲ, ಅದೇ ಗ್ಯಾಸು, ಅದೇ ಆಮ್ಲ. ಇಲ್ಲಿ ಉಸಿರೆಲ್ಲ ಅದೇ. ಹಂದಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ, ಒಂದರ ಮೇಲೊಂದು ಹತ್ತಿ ಮೇಲೆ ಬರೋಕೆ ನೋಡುತ್ತವೆ. ತಕ್ಷಣ ಪ್ರಜ್ಞೆ ತಪ್ಪುವುದಿಲ್ಲ, ಸೆಕೆಂಡುಗಳು ಹಿಡಿಯುತ್ತವೆ. ಪ್ಯಾಡು ಹಿಡಿದ ಮನುಷ್ಯನನ್ನು ಅಲ್ಲಿ ನಿಲ್ಲಿಸೋಕೆ ಆಗಲ್ಲ. ನಿಲ್ಲಿಸಿದರೆ ಅವನೂ ಬೀಳುತ್ತಾನೆ.

ಇದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2020ರಲ್ಲೂ ಇದು ಗಂಭೀರ ತೊಂದರೆ ಅಂದಿತು. 2009ರ ಯುರೋಪಿನ ಕಾನೂನಂತೂ ಪ್ರಾಮಾಣಿಕತೆಯಲ್ಲಿ ಎಲ್ಲರನ್ನೂ ಮೀರಿಸಿದೆ. ಪ್ರಾಣಿಗಳಿಗೆ 'ತಪ್ಪಿಸಬಹುದಾದ' ನೋವು ಕೊಡಬಾರದು ಅನ್ನುತ್ತದೆ ಕಾನೂನು. ಹಂದಿಗೆ ಈ ಗ್ಯಾಸನ್ನು ಹಂತಹಂತವಾಗಿ ನಿಲ್ಲಿಸಿ ಅಂತ ತಜ್ಞರು ಹೇಳಿದ್ದಾರೆ, ಆದರೆ ಸದ್ಯಕ್ಕೆ ಹಣಕಾಸಿನ ದೃಷ್ಟಿಯಿಂದ ಅದು ಆಗುವ ಮಾತಲ್ಲ, ಹಾಗಾಗಿ ಸೇರಿಸಿಲ್ಲ ಅಂತ ಅದೇ ಕಾನೂನಿನ ಪೀಠಿಕೆ ಒಪ್ಪಿಕೊಳ್ಳುತ್ತದೆ. ಆಮೇಲೆ ಕೊನೆಯ ಪುಟಗಳಲ್ಲಿ, ಆ ಗ್ಯಾಸು ಶೇಕಡಾ 80ಕ್ಕಿಂತ ಕಡಿಮೆ ಇರಬಾರದು ಅಂತ ಕಟ್ಟುನಿಟ್ಟು. ನೋವು ತಪ್ಪಿಸಬಹುದಾ ಇಲ್ವಾ ಅಂತ ಹಂದಿಯನ್ನು ಕೇಳಲಿಲ್ಲ. ಲೆಕ್ಕಿಗರನ್ನು ಕೇಳಿದರು.

ಕೊನೆಗೊಂದು ಪರೀಕ್ಷೆ ಇದೆ. ಬೆನ್ನಿನ ಮಾಂಸದ ಒಂದು ತುಂಡು ಕೊಯ್ದು, ತೂಕ ಮಾಡಿ, ಚೀಲದೊಳಗೆ ದಾರ ಕಟ್ಟಿ ತಂಪಿನಲ್ಲಿ ತೂಗುಹಾಕುತ್ತಾರೆ. ಒಂದೋ ಎರಡೋ ದಿನ ಬಿಟ್ಟು ಚೀಲ ಇಳಿಸಿ, ತಳದಲ್ಲಿ ಎಷ್ಟು ನೀರು ಕೂತಿದೆ ಅಂತ ನೋಡುತ್ತಾರೆ. ಕ್ಷೇಮ ಕೇಳಿ ಬರೆದ ಕಾಗದಕ್ಕೆ ಹಂದಿಯ ಕಡೆಯಿಂದ ಬರುವ ಉತ್ತರ ಅದೊಂದೇ. ಗುಂಡಿಯಿಂದ ಬಂದ ಹಂದಿಯ ಚೀಲದಲ್ಲಿ ನೀರು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಪ್ಯಾಡಿನವನು ಬೆಳಕಿಗೆ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡುತ್ತಾನೆ. ಷರಾ ಎಂಬ ಖಾನೆಯಲ್ಲಿ 'ಕ್ಷೇಮ' ಅಂತ ಬರೆದು ಪೆನ್ನಿನ ಮುಚ್ಚಳ ಹಾಕುತ್ತಾನೆ.