ಹೊಟ್ಟೆಯೆಂಬ ಚಾಡಿಕೋರ

ಯಾರನ್ನು ಬೇಕಾದರೂ ನಂಬಿ ಗುಟ್ಟು ಹೇಳಬಹುದು, ಸ್ವಂತ ಹೊಟ್ಟೆಯೊಂದನ್ನು ಬಿಟ್ಟು. ಬಾಯಿ ಕದ್ದುಮುಚ್ಚಿ ತಿಂದದ್ದನ್ನು ಮೈ ಊರಿಗೆಲ್ಲ ಸಾರುತ್ತದೆ. ಅದೂ ನಾಲ್ಕು ಜನ ಗಂಭೀರವಾಗಿ ಕೂತಿರುವ ಹೊತ್ತು ನೋಡಿಕೊಂಡು.

ಆಫೀಸಿನ ಮೀಟಿಂಗುಗಳಿಗೂ ನನ್ನ ಹೊಟ್ಟೆಗೂ ಯಾವ ಜನ್ಮದ ಹಗೆಯೋ. ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಬೆಳಗಿನ ತಿಂಡಿ ಬಿಟ್ಟಿದ್ದ ಕಾಲ ಅದು. "ಈ ಬಗ್ಗೆ ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಎಂದು ಮೇಲಧಿಕಾರಿ ಕೇಳಿ ಸುಮ್ಮನಾದರು. ಆ ಮೌನದಲ್ಲಿ ನನ್ನ ಹೊಟ್ಟೆ "ಗುರ್‍ರ್‍ರ್" ಎಂದು ಉದ್ದಕ್ಕೆ ರಾಗ ಎಳೆಯಿತು. ಎಲ್ಲರೂ ತಿರುಗಿ ನೋಡಿದರು. "ಹೇಳಿ, ಹೇಳಿ, ಸಂಕೋಚ ಯಾಕೆ?" ಎಂದರು ಸಾಹೇಬರು. ಬಾಯಿಗೆ ಬಂದದ್ದೇನೋ ಹೇಳಿದೆ. "ಒಳ್ಳೆ ಯೋಚನೆ, ನೀವೇ ನೋಡ್ಕೊಳ್ಳಿ" ಎಂದುಬಿಟ್ಟರು. ಆ ಕೆಲಸ ಇವತ್ತಿಗೂ ನನ್ನ ಕೊರಳಿಗೇ ಜೋತುಬಿದ್ದಿದೆ.

ಹಾಗೆ ನೋಡಿದರೆ ಅದು ಅನ್ನ ಕೇಳುವ ಕೂಗೇ ಅಲ್ಲ, ಕಸ ಗುಡಿಸುವ ಸದ್ದು. ಹೊಟ್ಟೆ ಖಾಲಿಯಾದ ಮೇಲೆ ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ಜಠರದಿಂದ ಸಣ್ಣ ಕರುಳಿನ ತುದಿಯ ತನಕ ಸ್ನಾಯುಗಳ ಅಲೆಯೊಂದು ಹೊರಡುತ್ತದೆ. ಉಳಿದುಹೋದ ಚೂರುಪಾರು, ಲೋಳೆ, ಬ್ಯಾಕ್ಟೀರಿಯಾ ಎಲ್ಲವನ್ನೂ ಬಳಿದು ಮುಂದಕ್ಕೆ ತಳ್ಳುತ್ತದೆ. ಒಳಗಿನ ಗಾಳಿಯೂ ನೀರೂ ಆ ನೂಕುನುಗ್ಗಲಿಗೆ ಸಿಕ್ಕಿ ಗುಡುಗುತ್ತವೆ. ಒಂದು ತುತ್ತು ಒಳಗೆ ಹೋದರೆ ಸಾಕು, ಗುಡಿಸುವ ಕೆಲಸ ನಿಂತು ಜೀರ್ಣಿಸುವ ಕೆಲಸ ಶುರುವಾಗುತ್ತದೆ. ಗಂಟೆಗೊಮ್ಮೆ ಏನಾದರೂ ಬಾಯಾಡಿಸುತ್ತಲೇ ಇರುವವರ ಹೊಟ್ಟೆಗೆ ಪೊರಕೆ ಹಿಡಿಯಲು ಬಿಡುವೇ ಸಿಗದು. ಈಗ ಮೀಟಿಂಗಿಗೆ ಮುಂಚೆ ಒಂದು ಬಾಳೆಹಣ್ಣು ತಿಂದೇ ಹೋಗುತ್ತೇನೆ. ಹೊಸ ಕೆಲಸಗಳು ತಲೆಗೆ ಕಟ್ಟುವುದು ಎಷ್ಟೋ ಕಡಿಮೆಯಾಗಿದೆ.

ಸದ್ದಿನ ಚಾಡಿಯನ್ನಾದರೂ ಕೆಮ್ಮಿ ಮುಚ್ಚಬಹುದು, ಬಣ್ಣದ ಚಾಡಿಗೆ ಏನು ಮಾಡುವುದು? ರಕ್ತ ಹೆಚ್ಚಲಿ ಎಂದು ಯಾರೋ ಹೇಳಿದ್ದರಿಂದ ಮನೆಯಲ್ಲಿ ಬೀಟ್‌ರೂಟ್ ಪರ್ವ ಆರಂಭವಾಗಿತ್ತು. ರಾತ್ರಿ ಸಲಾಡು, ಬೆಳಿಗ್ಗೆ ಜ್ಯೂಸು. ಮಾರನೆಯ ದಿನ ಬಚ್ಚಲಿಗೆ ಹೋದವನು ಕೆಳಗೆ ನೋಡಿದೆ, ಗೋಡೆ ಹಿಡಿದುಕೊಂಡೆ. ಕೆಂಪು! ಜೀವವಿಮೆಯ ಕಾಗದಗಳು ಯಾವ ಕಪಾಟಿನಲ್ಲಿವೆ ಎಂಬುದರಿಂದ ಹಿಡಿದು ನನ್ನ ಶ್ರದ್ಧಾಂಜಲಿ ಸಭೆಯಲ್ಲಿ ಯಾರು ಅಳುತ್ತಾರೆ, ಯಾರು ಫೋನ್ ನೋಡುತ್ತಾರೆ ಎಂಬುದರ ತನಕ ಎಲ್ಲವೂ ಅಲ್ಲೇ ನಿಂತಲ್ಲೇ ತೀರ್ಮಾನವಾಯಿತು. ಹೆಂಡತಿಗೆ ಹೇಳದೆ ಡಾಕ್ಟರ ಹತ್ತಿರ ಓಡಿದೆ. ಅವರು ನಾಡಿ ಹಿಡಿಯಲಿಲ್ಲ, ಸ್ಕ್ಯಾನ್ ಬರೆಯಲಿಲ್ಲ. ತಲೆಯೆತ್ತದೆ ಕೇಳಿದರು: "ನಿನ್ನೆ ಬೀಟ್‌ರೂಟ್ ತಿಂದಿದ್ರಾ?"

ಬೀಟ್‌ರೂಟಿನ ಕೆಂಪು ಬೆಟಾನಿನ್ ಎಂಬ ಬಣ್ಣದ್ದು. ಬಹುಪಾಲು ಜನರಲ್ಲಿ ಅದು ಜಠರದ ಆಮ್ಲದಲ್ಲೂ ಕರುಳಿನಲ್ಲೂ ಕಳೆದುಹೋಗುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಲ್ಲಿ ಮಾತ್ರ ಬಣ್ಣಗೆಡದೆ ಮೂತ್ರಕ್ಕಿಳಿಯುತ್ತದೆ. ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಇದು ಜಾಸ್ತಿ. ಲಾಟರಿಯಲ್ಲಿ ಎಂದೂ ಬಾರದ ನನ್ನ ನಂಬರು ಇಲ್ಲಿ ಬಂದಿತ್ತು. "ಬೀಟ್‌ರೂಟ್ ತಿನ್ನದೆ ಕೆಂಪಾದರೆ ಆಗ ತಡಮಾಡದೆ ಬನ್ನಿ" ಎಂದರು ಡಾಕ್ಟರು. ಫೀಸು ಮಾತ್ರ ಬಿಡಲಿಲ್ಲ.

ಕ್ಯಾರೆಟ್ಟಿನದು ಇನ್ನೊಂದು ಬಗೆ. ದಿನವೂ ರಾಶಿಗಟ್ಟಲೆ ತಿಂದರೆ ಅದರ ಕ್ಯಾರೋಟಿನ್ ಚರ್ಮದಲ್ಲಿ ಕೂತು ಅಂಗೈ, ಅಂಗಾಲು, ಮೂಗಿನ ತುದಿಯನ್ನೆಲ್ಲ ಹಳದಿ ಮಾಡುತ್ತದೆ. ಪರೀಕ್ಷೆಗೆ ಓದುವಾಗ ಕಣ್ಣು ಚುರುಕಾಗಲಿ ಎಂದು ನನ್ನ ತಂಗಿ ಹೊತ್ತುಗೊತ್ತಿಲ್ಲದೆ ಕ್ಯಾರೆಟ್ ಕಡಿಯುತ್ತಿದ್ದಳು. ಕಾಮಾಲೆಯೆಂದು ಮನೆಯೆಲ್ಲ ಗಾಬರಿಬಿತ್ತು. ಕಾಮಾಲೆಯಾದರೆ ಕಣ್ಣಿನ ಬಿಳಿಯೂ ಹಳದಿಯಾಗುತ್ತದೆ, ಕ್ಯಾರೆಟ್ಟಿನ ಹಳದಿ ಕಣ್ಣನ್ನು ಮುಟ್ಟುವುದಿಲ್ಲ. ತಿನ್ನುವುದು ಬಿಟ್ಟರೆ ನಿಧಾನಕ್ಕೆ ತಾನೇ ಇಳಿಯುತ್ತದೆ. ಪರೀಕ್ಷೆಯ ಫಲಿತಾಂಶದ ಬಗ್ಗೆ ಇಲ್ಲಿ ಮಾತು ಬೇಡ, ಅವಳೂ ಇದನ್ನು ಓದುತ್ತಾಳೆ.

ಇನ್ನು ಬೆಳ್ಳುಳ್ಳಿ. ಹಲ್ಲಿನ ಡಾಕ್ಟರ ಬಳಿ ಹೋಗುವ ದಿನವೇ ಅದನ್ನು ತಿಂದು, ಆಮೇಲೆ ವಸಡು ಕಿತ್ತುಬರುವಂತೆ ಉಜ್ಜಿದವರಿಗೆ ಒಂದು ಮಾತು: ಆ ವಾಸನೆ ಬರೀ ಬಾಯಿಯದಲ್ಲ. ಬೆಳ್ಳುಳ್ಳಿಯ ಗಂಧಕದ ಅಂಶವೊಂದು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ ಹೋಗಿ ಗಂಟೆಗಟ್ಟಲೆ ಉಸಿರಿನಲ್ಲೇ ಹೊರಬರುತ್ತಿರುತ್ತದೆ. ಶ್ವಾಸಕೋಶಕ್ಕೆ ಬ್ರಷ್ ಹಾಕಲಾದೀತೆ?

ಆದರೆ ಚಾಡಿಕೋರರ ಚಕ್ರವರ್ತಿ ಎಂದರೆ ಕಾಳು. "ನಾರಿನಂಶ ತಿನ್ನಿ" ಎಂದು ಹೇಳಿಸಿಕೊಂಡು ಬಂದವನು ಮಾರನೆಯ ದಿನದಿಂದಲೇ ಮೂರು ಹೊತ್ತೂ ಕಾಳು ತಿನ್ನತೊಡಗಿದೆ. ಕಾಳಿನಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿ ಇಲ್ಲವೇ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ಕಾದು ಕೂತ ಬ್ಯಾಕ್ಟೀರಿಯಾಗಳಿಗೆ ಹಬ್ಬವೋ ಹಬ್ಬ. ಹಬ್ಬದ ಹೊಗೆ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ಇವಕ್ಕೆ ವಾಸನೆಯೇ ಇಲ್ಲ. ಮರ್ಯಾದೆ ತೆಗೆಯುವುದು ಶೇಕಡಾ 1ಕ್ಕೂ ಕಡಿಮೆ ಇರುವ ಗಂಧಕದ ಅನಿಲಗಳು. ಆರೋಗ್ಯವಂತರು ದಿನಕ್ಕೆ 10ರಿಂದ 20 ಸಲ ಗಾಳಿ ಬಿಡುವುದು ಸಹಜವಂತೆ. ಸಹಜವೇನೋ ಸರಿ, ಲಿಫ್ಟಿನೊಳಗೆ ಯಾಕೆ?

ಐದಾರು ಜನ ಇದ್ದೆವು. ಎಲ್ಲರ ಕಣ್ಣೂ ಒಟ್ಟಿಗೆ ಮಹಡಿಯ ಅಂಕಿಯ ಮೇಲೆ ನೆಟ್ಟವು. ಅಂಕಿ ಅವತ್ತು ಬದಲಾಗಲಾರೆ ಎಂದು ಹಟ ಹಿಡಿದಿತ್ತು. ಮೂಲೆಯಲ್ಲಿದ್ದ ಹಿರಿಯರೊಬ್ಬರು ಮೆಲ್ಲನೆ, "ಕ್ಷಮಿಸಿ, ವಯಸ್ಸಾಯ್ತು ನೋಡಿ" ಎಂದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು, ಬಗ್ಗುವ ಧೈರ್ಯ ಮಾತ್ರ ಬರಲಿಲ್ಲ. ಅದು ಅವರ ದೊಡ್ಡತನವೋ ಅಥವಾ ಅವರದೂ ಒಂದು ಪಾಲಿತ್ತೋ, ಕೇಳಿ ತಿಳಿಯುವ ವಿಷಯವಲ್ಲ. ನಾರಿನಂಶವನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಏರಿಸಿ, ಕಾಳು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ ಬೇಯಿಸಿದರೆ ಕರುಳು ಹೊಂದಿಕೊಳ್ಳುತ್ತದೆ ಎಂದು ಆಮೇಲೆ ಗೊತ್ತಾಯಿತು. ಇಂಥವೆಲ್ಲ ಆಮೇಲೆಯೇ ಗೊತ್ತಾಗುವುದು.

ನನ್ನ ಪಾಡು ನೆನೆದು ಕೊರಗುವಾಗೆಲ್ಲ ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ನನ್ನು ನೆನೆದು ಸಮಾಧಾನಪಟ್ಟುಕೊಳ್ಳುತ್ತೇನೆ. 1822ರಲ್ಲಿ ಉತ್ತರ ಅಮೆರಿಕದಲ್ಲಿ ಅವನ ಹೊಟ್ಟೆಗೆ ಆಕಸ್ಮಿಕವಾಗಿ ಗುಂಡೇಟು ಬಿತ್ತು. ಗಾಯ ಮಾಯಿತು, ತೂತು ಮುಚ್ಚಲಿಲ್ಲ. ಚಿಕಿತ್ಸೆ ಕೊಟ್ಟ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್‌ಗೆ ಜಠರಕ್ಕೆ ಕಿಟಕಿಯೇ ಸಿಕ್ಕಂತಾಯಿತು. ಮಾಂಸ, ಬ್ರೆಡ್ಡು, ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗಿಳಿಸುವುದು, ಗಂಟೆ ಬಿಟ್ಟು ಎಳೆದು ಎಷ್ಟು ಕರಗಿತೆಂದು ನೋಡುವುದು, ಮತ್ತೆ ಇಳಿಸುವುದು! ಜೀರ್ಣಕ್ರಿಯೆ ಬರೀ ಅರೆಯುವುದಲ್ಲ, ರಸದಿಂದ ನಡೆಯುವ ರಾಸಾಯನಿಕ ಕೆಲಸ ಎಂದು ಜಗತ್ತಿಗೆ ಗಟ್ಟಿಯಾದದ್ದು ಈ ಪ್ರಯೋಗಗಳಿಂದ. 1833ರಲ್ಲಿ ಪುಸ್ತಕವೂ ಬಂತು. ಸಿಟ್ಟು ಬಂದರೆ ಜೀರ್ಣಕ್ರಿಯೆ ಕೆಡುತ್ತದೆ ಎಂಬುದನ್ನೂ ಬ್ಯೂಮಾಂಟ್ ಗಮನಿಸಿದ್ದ. ಹೊಟ್ಟೆಯಿಂದ ಯಾರೋ ದಾರ ಎಳೆಯುತ್ತಿದ್ದರೆ ಸಿಟ್ಟು ಬಾರದೆ ಇನ್ನೇನು ಬಂದೀತು? ತಮಾಷೆಯೆಂದರೆ, ವೈದ್ಯ 1853ರಲ್ಲಿ ತೀರಿಕೊಂಡ. ತೂತಿನ ಹೊಟ್ಟೆಯ ಮಾರ್ಟಿನ್ 1880ರ ತನಕ ಬದುಕಿದ.

ನನಗೆ ಕಿಟಕಿಯಿಲ್ಲದ್ದರಿಂದ ಡಾಕ್ಟರು ಡೈರಿ ಇಡಲು ಹೇಳಿದ್ದಾರೆ. ತಿಂದದ್ದು, ತಿಂದ ಹೊತ್ತು, ಆಮೇಲೆ ಆದ ತೊಂದರೆ ಬರೆಯುತ್ತ ಹೋದರೆ ಯಾವುದು ಒಗ್ಗುವುದಿಲ್ಲ ಎಂದು ತಿಳಿಯುತ್ತದಂತೆ. ಹಾಲು, ಈರುಳ್ಳಿ, ಸಂಜೆಯ ಕಾಫಿ ಎಲ್ಲದರ ಮೇಲೂ ಅನುಮಾನವಿದೆ. ಶ್ರದ್ಧೆಯಿಂದ ಬರೆಯುತ್ತಿದ್ದೇನೆ. ಮೊನ್ನೆ "ರಾತ್ರಿ ಹನ್ನೊಂದು ಗಂಟೆ, ಬಿಸ್ಕತ್ತು ಒಂದು" ಎಂದು ಬರೆದು ಮಲಗಿದ್ದೆ. ಬೆಳಿಗ್ಗೆ ನೋಡಿದರೆ "ಒಂದು" ಎಂಬುದರ ಪಕ್ಕದಲ್ಲಿ ಹೆಂಡತಿಯ ದುಂಡನೆಯ ಅಕ್ಷರದಲ್ಲಿ "ಪೊಟ್ಟಣ" ಎಂದು ಸೇರಿತ್ತು.