ಶಾಲೆ ಬಿಟ್ಟ ಕಾರಣ: ಬೊಂಬಾಯಿ

ಜನ್ಮದಿನಾಂಕದ ದಾಖಲೆ ಬೇಕಾಗಿ ಕಳೆದ ಜೂನ್‌ನಲ್ಲಿ ಉಡುಪಿ ಬಳಿಯ ನಮ್ಮೂರ ಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯಿನಿ ಕಪಾಟಿನಿಂದ ದಾಖಲಾತಿ ಪುಸ್ತಕ ತೆಗೆದು, ಹಳೆಯ ಬೈರಾಸಿನಿಂದ ಒರೆಸಿ ಮುಂದಿಟ್ಟರು. ಗೆದ್ದಲು ಉಳಿಸಿದ ಪುಟಗಳ ಪ್ರಕಾರ ನನ್ನ ತರಗತಿಯ ಅರ್ಧಕ್ಕರ್ಧ ಮಕ್ಕಳು ಹುಟ್ಟಿದ್ದು ಜೂನ್ ಒಂದರಂದು; ಮಾಸ್ಟ್ರ ಕೃಪೆ. ಕೊನೆಯ ಕಾಲಂ ‘ಶಾಲೆ ಬಿಟ್ಟ ಕಾರಣ’. ಹುಡುಗರ ಹೆಸರಿನೆದುರು ಸಾಲುಸಾಲಾಗಿ ‘ಬೊಂಬಾಯಿಗೆ ಹೋದುದರಿಂದ’. ಹುಡುಗಿಯರ ಎದುರು ‘ಮನೆಗೆಲಸ’. ಬೀಡಿ ಕಟ್ಟುವುದಕ್ಕೆ ಮಾಸ್ಟ್ರು ಕೊಟ್ಟ ಮರ್ಯಾದೆಯ ಹೆಸರು ಅದು.

ನಾನೂ ಏಳನೆಯ ತರಗತಿ ಮುಗಿಸಿ ಬಸ್ ಹತ್ತಿದವನೇ. ಮುಂಬೈಯಲ್ಲಿ ಹಗಲು ಹೋಟೆಲಿನ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದೆ. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಹಗಲಿನ ಮಕ್ಕಳು ಕುಳಿತೆದ್ದ ಬೆಂಚು, ಹಲಗೆಯಲ್ಲಿ ಅವರು ಅಳಿಸದೆ ಹೋದ ಮರಾಠಿ ಲೆಕ್ಕ. ಅಲ್ಲಿನ ಮಹಾನಗರಪಾಲಿಕೆಯ ಶಾಲೆಗಳಲ್ಲೂ ಮರಾಠಿ, ಉರ್ದು, ಕನ್ನಡ ತರಗತಿಗಳು ಒಂದೇ ಸೂರಿನಡಿ ಇರುವುದುಂಟು. ಮಕ್ಕಳಿದ್ದರೆ ಶಾಲೆ, ಅಷ್ಟೇ ಲೆಕ್ಕ.

ಊರಿನಲ್ಲಿ ನಮ್ಮ ರೀತಿಯೇ ಬೇರೆ. ಶತಮಾನೋತ್ಸವಕ್ಕೆಂದು ನಾವು ಮುಂಬೈಯವರು ಸೇರಿ ಸ್ವಾಗತ ಗೋಪುರ, ರಂಗಮಂದಿರ ಕಟ್ಟಿಸಿದೆವು. ಅಮೃತಶಿಲೆಯ ಫಲಕದಲ್ಲಿ ನನ್ನ ಹೆಸರೂ ಇದೆ. ದಾಖಲೆಗೆಂದು ಹೋದ ಆ ದಿನ ಒಂದನೆಯ ತರಗತಿಯಲ್ಲಿದ್ದವರು ಇಬ್ಬರು. ಗೋಪುರದ ಮುಂದೆಯೇ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಮಕ್ಕಳನ್ನು ತುಂಬಿಕೊಂಡು ಹೋಯಿತು. ದೂರುವ ಹಕ್ಕು ನನಗಿಲ್ಲ. ನನ್ನ ಮಕ್ಕಳೂ ಅಂಥ ವ್ಯಾನಿನಲ್ಲೇ ಹೋದವರು.

ಕರಾವಳಿಗೆ ಬೇರೆ ದಾರಿ ಗೊತ್ತಿಲ್ಲವೆಂದಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದ ಹರೇಕಳ ಹಾಜಬ್ಬ ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದರು. ವಿದೇಶಿಯರು ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟವೇ ತಮ್ಮೂರು ನ್ಯೂಪಡ್ಪುವಿನಲ್ಲಿ ಅವರು ಶಾಲೆ ತೆರೆಯಲು ಕಾರಣವಾಯಿತು. ಅದು 28 ಮಕ್ಕಳೊಂದಿಗೆ ಶುರುವಾದದ್ದು ಮದರಸದ ಕೋಣೆಯಲ್ಲಿ. ಜಾಗ, ಕಟ್ಟಡ, 2020ರ ಪದ್ಮಶ್ರೀ ಎಲ್ಲವೂ ಆಮೇಲೆ ಬಂದವು. ನಾವು ಗೋಪುರದಿಂದ ಶುರುಮಾಡಿದವರು.

ಹೊರಡುವಾಗ, ಇನ್ನೇನಾದರೂ ಕಟ್ಟಿಸಬೇಕೇ ಎಂದು ಕೇಳಿದೆ.

“ಕಟ್ಟಿಸುವುದು ಸಾಕು ಸರ್,” ಎಂದರು ಮುಖ್ಯೋಪಾಧ್ಯಾಯಿನಿ. “ಹೊಳೆಯಾಚೆ ಮಕ್ಕಳಿದ್ದಾರೆ. ಕರೆತರಲು ರಿಕ್ಷಾದ ಬಾಡಿಗೆಗೆ ಒಂದು ದಾರಿ ಮಾಡಿ.”

ಮುಂಬೈಗೆ ಮರಳಿ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ವಿಷಯ ಪ್ರಸ್ತಾಪಿಸಿದೆ. ಎಲ್ಲರೂ ತಲೆಯಾಡಿಸಿದರು. ಹಿರಿಯರೊಬ್ಬರು ಮಾತ್ರ ಕನ್ನಡಕ ತೆಗೆದು ಕೇಳಿದರು: “ರಿಕ್ಷಾದ ಹಿಂದೆ ಹೆಸರು ಬರೆಸಬಹುದಲ್ಲ?”